ತಲೆಗೆ ಮಾತ್ರೆ ಬರೆಯೋ ಮುಂಚೆ ಕುತ್ತಿಗೆ ನೋಡ್ರಪ್ಪ!

ಬಸ್‌ಸ್ಟ್ಯಾಂಡ್ ಎದುರಿನ ಸಾಲಿನಲ್ಲಿ ಒಂದು ಬಳೆ ಅಂಗಡಿ. ಬೇಲೂರು ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಅಲ್ಲಿ ಒಂದು ಗಳಿಗೆ ನಿಂತೇ ಹೋಗೋದು. ಬಳೆ ಕೊಳ್ಳೋದು ಒಂದು ನೆಪ, ಅಂಗಡಿ ಅಕ್ಕನ ಮಾತು ಕೇಳೋದೇ ಮುಖ್ಯ. ಯಾರ ಮನೆಯಲ್ಲಿ ಸೀಮಂತ, ಯಾರ ಮಗಳ ಕೈಗೆ ಯಾವ ಬಣ್ಣ ಒಪ್ಪುತ್ತೆ, ಎಲ್ಲ ಅಕ್ಕನ ಬಾಯಲ್ಲಿ. ಆ ಅಕ್ಕ ಎರಡು ವರ್ಷದ ಹಿಂದೆ ಮಾತು ನಿಲ್ಲಿಸಿದರು.

ಹೆಸರು ಹಾಕಿ ಬರೆಯೋದು ಈ ಅಂಕಣದ ಹಳೇ ಚಾಳಿ. ಇವತ್ತು ಹಾಕೋದಿಲ್ಲ. "ವಿಷಯ ಬರಿಯಪ್ಪ, ನಾಲ್ಕು ಜನಕ್ಕೆ ಗೊತ್ತಾಗ್ಲಿ. ನನ್ನ ಹೆಸರು ಬೇಡ" ಅಂತ ಅಕ್ಕನೇ ಹೇಳಿದ್ದಾರೆ.

ಮೊದಲು ಬಂದದ್ದು ಸುಸ್ತು. ಆಮೇಲೆ ನಿದ್ದೆಯೋ ನಿದ್ದೆ. ಬೆಳಿಗ್ಗೆ ಎಂಟಕ್ಕೆ ಶೆಟರ್ ಎತ್ತುತ್ತಿದ್ದವರು ಹತ್ತಾದರೂ ಹಾಸಿಗೆ ಬಿಟ್ಟು ಏಳಲಿಲ್ಲ. ನೂರು ಕೊಟ್ಟವರಿಗೆ ಐನೂರರ ಚಿಲ್ಲರೆ ಕೊಟ್ಟು ಕಳಿಸಿದರು. ಮೈ ಊದಿತು, ಕೂದಲು ಉದುರಿತು, ಏಪ್ರಿಲ್ ಬಿಸಿಲಲ್ಲೂ ಮೈಮೇಲೆ ಸ್ವೆಟರ್. ಒಂದು ದಿನ ಗಿರಾಕಿ ಎದುರಲ್ಲೇ ಸುಮ್ಮನೆ ಅಳು. ಅತ್ತೆ "ಸೋಂಬೇರಿತನ" ಅಂದರು. ಬೀದಿಯವರು "ಗಾಳಿ ಸೋಕಿದೆ" ಅಂದರು. ತಾಯತ ಕಟ್ಟಿದ್ದೂ ಆಯಿತು. ಯಜಮಾನರು ಸ್ವಲ್ಪ ತಿಳಿದವರು, ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎರಡು ನಿಮಿಷ ಕೇಳಿ "ಡಿಪ್ರೆಶನ್" ಅಂತ ಚೀಟಿ ಬರೆದು ಕಳಿಸಿದರು.

ಅಕ್ಕ 14 ತಿಂಗಳು ಆ ಮಾತ್ರೆ ನುಂಗಿದರು. ಡೋಸು ಏರಿತು, ಮಾತ್ರೆ ಬದಲಾಯಿತು, ಅಕ್ಕ ಮಾತ್ರ ಬದಲಾಗಲಿಲ್ಲ. "ಏನ್ ಹೇಳ್ಲಿ ಸ್ವಾಮಿ, ಮನೇಲಿ ಗೊಂಬೆ ಕೂರಿಸ್ದಂಗಿತ್ತು" ಅನ್ನುತ್ತಾರೆ ಯಜಮಾನರು. ಒಂದು ರಾತ್ರಿ ಮಗಳ ಹತ್ತಿರ "ನಾನಿದ್ದೇನು ಪ್ರಯೋಜನ ಮಗಾ" ಅಂದರಂತೆ. ಆ ಮಾತಿಗೆ ಹೆದರಿದ ಮಗಳು ಮಾರನೇ ದಿನವೇ ಅಮ್ಮನನ್ನು ಬೇರೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಮೊದಲು ಮುಟ್ಟಿ ನೋಡಿದ್ದು ಕುತ್ತಿಗೆಯನ್ನ. ಆಮೇಲೆ ರಕ್ತ ತೆಗೆಸಿದರು. ಟಿಎಸ್‌ಎಚ್ ಅನ್ನುವ ಲೆಕ್ಕ ಸಾಮಾನ್ಯವಾಗಿ ಅರ್ಧದಿಂದ ನಾಲ್ಕೂವರೆ ಒಳಗೆ ಇರಬೇಕಂತೆ. ಅಕ್ಕನದು 68!

14 ತಿಂಗಳಲ್ಲಿ ಒಂದೇ ಒಂದು ಸಲ ರಕ್ತ ನೋಡಿದ್ದರೆ? ಇವತ್ತಿನ ಜಗಳ ಇಷ್ಟೇ.

ಕುತ್ತಿಗೆಗೂ ತಲೆಗೂ ಏನು ಸಂಬಂಧ?

ಈ ವರದಿಗಾರ ಪಿಯುಸಿ ಅರ್ಧಕ್ಕೆ ಬಿಟ್ಟವನು. ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಕಪ್ಪೆ ಚಿತ್ರ ಬರೆದದ್ದೇ ಕೊನೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರ ತಲೆ ತಿಂದು ತಿಳಿದುಕೊಳ್ಳೋದೇ ವರದಿಗಾರನ ಕಸುಬು. ಪರಿಚಯದ ಡಾಕ್ಟರುಗಳ ಎದುರು ಕೂತು, ಅರ್ಥ ಆಗುವವರೆಗೂ ಕೇಳಿ, ಅದನ್ನ ಇಲ್ಲಿ ಬರೀತಾ ಇದ್ದೀನಿ.

ಗಂಟಲಿನ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ತೂಕ ಇಪ್ಪತ್ತು ಗ್ರಾಂ ಆಸುಪಾಸು. ನಾವು ತಿನ್ನುವ ಅಯೋಡಿನ್ ಹಿಡಿದು ಅದು ಎರಡು ರಸ ಮಾಡುತ್ತೆ: ಟಿ-4, ಟಿ-3. ಟಿ-4 ಅನ್ನೋದು ಉಗ್ರಾಣದ ಮೂಟೆ. ಟಿ-3 ಅನ್ನೋದು ಒಲೆ ಮೇಲಿಡುವ ಅಕ್ಕಿ. ಮೂಟೆಯಿಂದ ಅಕ್ಕಿ ಅಳೆದುಕೊಳ್ಳುವ ಕೆಲಸವನ್ನು ಮಿದುಳು ತನ್ನೊಳಗೇ ಮಾಡಿಕೊಳ್ಳುತ್ತೆ.

ಈ ಗ್ರಂಥಿಯ ಮೇಲೆ ಒಬ್ಬ ಮೇಸ್ತ್ರಿ ಇದ್ದಾನೆ. ಅವನ ಹೆಸರು ಪಿಟ್ಯುಟರಿ, ಇರೋದು ತಲೆಯೊಳಗೆ. ಆಳು ಕೆಲಸ ಕಮ್ಮಿ ಮಾಡಿದಷ್ಟೂ ಮೇಸ್ತ್ರಿ ಕೂಗು ಜೋರು. ಆ ಕೂಗಿಗೇ ಟಿಎಸ್‌ಎಚ್ ಅಂತ ಹೆಸರು. ಅದಕ್ಕೇ ಥೈರಾಯ್ಡ್ ಇಳಿದಾಗ ಟಿಎಸ್‌ಎಚ್ ಏರುತ್ತೆ. ಅಕ್ಕನ ತಲೆಯಲ್ಲಿ ಮೇಸ್ತ್ರಿ 68ರಷ್ಟು ಕೂಗುತ್ತಿದ್ದ. ಹೊರಗಿದ್ದ ನಮಗೆ ಯಾರಿಗೂ ಕೇಳಿಸಲಿಲ್ಲ.

ಗ್ರಾಹಕರಿಲ್ಲದ ಬೀದಿ

ಈಗ ಮುಖ್ಯ ವಿಷಯ. ಥೈರಾಯ್ಡ್ ಕಮ್ಮಿ ಆದರೆ ಮನಸ್ಸಿನ ಮಾತ್ರೆಗೇನು ತೊಂದರೆ?

ಮಿದುಳಿನಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಸಣ್ಣ ಸಂದು. ನಮ್ಮ ಪೇಟೆ ಬೀದಿ ಇದ್ದ ಹಾಗೆ ಅನ್ನಿ. ಈ ಬದಿಯ ಅಂಗಡಿ ಸರಕನ್ನು ಬೀದಿಗೆ ಚೆಲ್ಲುತ್ತೆ, ಆ ಬದಿಯಲ್ಲಿ ನಿಂತವನು ಹಿಡಿಯಬೇಕು. ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನೋದೆಲ್ಲ ಅಂಥ ಸರಕು. ಆ ಬದಿಯಲ್ಲಿ ಹಿಡಿಯುವ ಜಾಗಕ್ಕೆ ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ 'ಗ್ರಾಹಕ' ಅಂತಲೇ ಹೆಸರು. ಅಂಗಡಿ ಇಟ್ಟವರಿಗೆ ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಹಕ ಹಿಡಿದು ಮಿಕ್ಕ ಸರಕನ್ನು ಮೊದಲ ಅಂಗಡಿ ಒಂದು ಬಾಗಿಲಿನಿಂದ ವಾಪಸ್ ಒಳಗೆ ಎಳೆದುಕೊಳ್ಳುತ್ತೆ.

ಖಿನ್ನತೆಗೆ ಕೊಡುವ ಮಾತ್ರೆಗಳಲ್ಲಿ ಬಹಳಷ್ಟು ಮಾಡೋದು ಇಷ್ಟೇ: ಹೋಗಿ ಆ ವಾಪಸ್ ಬಾಗಿಲಿಗೆ ಅಡ್ಡ ಕೂರುತ್ತವೆ. ಸರಕು ಬೀದಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಇದು ಊಹೆಯಲ್ಲ. 1979ರಲ್ಲಿ ಪ್ಯಾರಿಸ್ಸಿನಲ್ಲಿ ಲ್ಯಾಂಗರ್ ಎಂಬುವರ ತಂಡ ಇಮಿಪ್ರಮಿನ್ ಎಂಬ ಮಾತ್ರೆಗೆ ವಿಕಿರಣದ ಗುರುತು ಹಚ್ಚಿ, ಅದು ಇಲಿಯ ಮಿದುಳಿನಲ್ಲಿ ಎಲ್ಲೆಲ್ಲಿ ಹೋಗಿ ಅಂಟಿಕೊಳ್ಳುತ್ತೆ ಅಂತ ಪತ್ತೆ ಮಾಡಿತು. ಆ ಅಂಟುವ ಜಾಗಕ್ಕೂ ಸೆರೊಟೋನಿನ್ನಿನ ವಾಪಸ್ ಬಾಗಿಲಿಗೂ ನಂಟಿದೆ ಅಂತ ಆಮೇಲೆ ಗೊತ್ತಾಯಿತು. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಆ ಬಾಗಿಲಿನ ಒಳಗೆ ಮಾತ್ರೆ ಸಿಕ್ಕಿಕೊಂಡು ಕೂತಿರೋದರ ಚಿತ್ರವನ್ನೇ ತೆಗೆದರು.

ಆದರೆ ಬಾಗಿಲಿಗೆ ಅಡ್ಡ ಕೂತರೆ ಸಾಕೇ? ಬೀದಿಯ ಆ ಬದಿಯಲ್ಲಿ ಗ್ರಾಹಕರೇ ಕಮ್ಮಿಯಾಗಿದ್ದರೆ?

ಥೈರಾಯ್ಡಿನ ಕೈವಾಡ ಇಲ್ಲೇ. ಟಿ-3 ಜೀವಕೋಶದ ಒಳಗೆ, ಅದರ ಬೀಜದವರೆಗೂ ಹೋಗಿ, ಯಾವ ಪ್ರೋಟೀನು ಎಷ್ಟು ತಯಾರಾಗಬೇಕು ಅನ್ನೋದರಲ್ಲಿ ಕೈ ಹಾಕುತ್ತೆ. ಗ್ರಾಹಕ ಜಾಗಗಳೂ ಪ್ರೋಟೀನೇ ತಾನೆ? ಇಲಿಗಳ ಥೈರಾಯ್ಡ್ ಇಳಿಸಿ ನೋಡಿದಾಗ, ಮಿದುಳಿನ ಹೊರಪದರದಲ್ಲಿ ಸೆರೊಟೋನಿನ್ ಹಿಡಿಯುವ ಒಂದು ಬಗೆಯ ಗ್ರಾಹಕರು ಕಮ್ಮಿಯಾಗಿದ್ದರು. ನಾರ್‌ಅಡ್ರಿನಲಿನ್ ಹಿಡಿಯುವ ಬೀಟಾ ಗ್ರಾಹಕರೂ ಕಮ್ಮಿಯಾಗಿದ್ದರು. ಅಲ್ಲಿನ ಸೆರೊಟೋನಿನ್ ಸರಕೂ ಇಳಿದಿತ್ತು.

ಇನ್ನೊಂದು ಬ್ರೇಕಿನ ಕಥೆ ಇದೆ. ಸೆರೊಟೋನಿನ್ ಚೆಲ್ಲುವ ಕೋಶಕ್ಕೆ ತನ್ನದೇ ಮೈಮೇಲೆ ಒಂದು ಗ್ರಾಹಕ ಜಾಗ ಇರುತ್ತೆ. ಸರಕು ಜಾಸ್ತಿಯಾದರೆ "ಸಾಕು ನಿಲ್ಲಿಸು" ಅಂತ ಅದು ಬ್ರೇಕ್ ಒತ್ತುತ್ತೆ. ಖಿನ್ನತೆಯ ಮಾತ್ರೆ ನುಂಗಿದ ಮಾರನೇ ದಿನವೇ ಗುಣ ಕಾಣದೆ ಎರಡು ವಾರ, ನಾಲ್ಕು ವಾರ ಹಿಡಿಯೋದಕ್ಕೆ ಈ ಬ್ರೇಕೂ ಒಂದು ಕಾರಣ ಅಂತ ತಿಳಿದವರು ಹೇಳುತ್ತಾರೆ. ಆ ಬ್ರೇಕು ನಿಧಾನಕ್ಕೆ ಸಡಿಲ ಆಗಬೇಕು. ಪ್ರಾಣಿಗಳಿಗೆ ಟಿ-3 ಕೊಟ್ಟು ನೋಡಿದಾಗ ಅದು ಸಡಿಲ ಆಗಿದ್ದು ಕಂಡುಬಂದಿದೆ. 2002ರಲ್ಲಿ ಬೌವರ್, ಹೈನ್ಸ್, ವೈಬ್ರೋ ಎಂಬ ಮೂವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಬರೆದಿದ್ದಾರೆ.

ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹಾಗೇ ಅಂಟಿಸಬಾರದು, ಒಪ್ಪಿದೆ. ಆದರೆ ದಾರಿ ಯಾವ ಕಡೆ ಅನ್ನೋದು ಕಾಣುತ್ತೆ. ಊರಿನ ಲೈನಿನಲ್ಲೇ ವೋಲ್ಟೇಜ್ ಇಲ್ಲದಿರುವಾಗ ಟ್ಯೂಬ್‌ಲೈಟಿನ ಸ್ಟಾರ್ಟರ್ ಎಷ್ಟು ಸಲ ಬದಲಾಯಿಸುತ್ತೀರಿ? ಅಕ್ಕನಿಗೆ 14 ತಿಂಗಳು ನಡೆದದ್ದು ಸ್ಟಾರ್ಟರ್ ಬದಲಾಯಿಸುವ ಕೆಲಸವೇ.

ಇದೇನು ನಿನ್ನೆ ಮೊನ್ನೆಯ ವಿದ್ಯೆಯೇ?

"ಹೊಸ ಸಂಶೋಧನೆ, ನಮ್ಮ ಡಾಕ್ಟರುಗಳಿಗೆ ಗೊತ್ತಿರಲಿಕ್ಕಿಲ್ಲ ಬಿಡಿ" ಅಂತ ಯಾರಾದರೂ ಸಮಾಧಾನ ಹೇಳಬಹುದು. ಹಾಗಲ್ಲ ಸ್ವಾಮಿ.

1888ರಲ್ಲೇ ಲಂಡನ್ನಿನ ವೈದ್ಯರ ಒಂದು ಸಮಿತಿ, ಥೈರಾಯ್ಡ್ ಕೆಟ್ಟು ಮೈ ಊದಿದ ನೂರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ, ಅವರಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಜನಕ್ಕೆ ಬುದ್ಧಿಭ್ರಮೆಯೂ ಇತ್ತು ಅಂತ ವರದಿ ಕೊಟ್ಟಿತು. 1891ರಲ್ಲಿ ಜಾರ್ಜ್ ಮರ್ರೆ ಎಂಬ ಡಾಕ್ಟರು ಕುರಿಯ ಥೈರಾಯ್ಡ್ ರಸವನ್ನೇ ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದರು. 1949ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ 14 ಜನರ ಕಥೆ ಬರೆದರು. ಹುಚ್ಚು ಅಂತ ಎಣಿಸಿದ್ದವರಲ್ಲಿ ಹೆಚ್ಚಿನವರು ಥೈರಾಯ್ಡ್ ಔಷಧ ಕೊಟ್ಟ ಮೇಲೆ ಸರಿಹೋದರು.

ಖಿನ್ನತೆಗೆ ಇಮಿಪ್ರಮಿನ್ ಕೆಲಸ ಮಾಡುತ್ತೆ ಅಂತ ಸ್ವಿಟ್ಜರ್‌ಲೆಂಡಿನ ರೊಲಾಂಡ್ ಕುನ್ ಲೋಕಕ್ಕೆ ತಿಳಿಸಿದ್ದು 1957ರಲ್ಲಿ. ಆಮೇಲೆ 12 ವರ್ಷಕ್ಕೆ, 1969ರಲ್ಲಿ, ಅಮೆರಿಕದ ಆರ್ಥರ್ ಪ್ರಾಂಜ್ ಮತ್ತು ಜೊತೆಗಾರರು ಅದೇ ಇಮಿಪ್ರಮಿನ್ ಜೊತೆಗೆ ಚೂರು ಟಿ-3 ಸೇರಿಸಿ ಕೊಟ್ಟರು. ರೋಗಿಗಳು ಬೇಗ ಚೇತರಿಸಿಕೊಂಡರು. 2006ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಎರಡೆರಡು ಚಿಕಿತ್ಸೆಗೂ ಬಗ್ಗದ ರೋಗಿಗಳಿಗೆ ಟಿ-3 ಸೇರಿಸಿದಾಗ ನೂರಕ್ಕೆ ಸುಮಾರು 25 ಜನ ಗುಣವಾದರು, ಲಿಥಿಯಂ ಸೇರಿಸಿದಾಗ ಸುಮಾರು 16 ಜನ. ಈ ವ್ಯತ್ಯಾಸ ಲೆಕ್ಕಶಾಸ್ತ್ರದ ಪ್ರಕಾರ ಗಟ್ಟಿಯಾದದ್ದಲ್ಲ ಅಂತ ಅವರೇ ಬರೆದುಕೊಂಡರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೇಳಿದ್ದೀನಿ. ಮುಕ್ಕಾಲು ಪಾಲು ಜನಕ್ಕೆ ಟಿ-3 ಕೂಡ ಕೆಲಸ ಮಾಡಲಿಲ್ಲ ಅನ್ನೋದನ್ನೂ ಮರೆಯಬೇಡಿ.

ಅಂದಹಾಗೆ ಈ ಲಿಥಿಯಂ ಬಗ್ಗೆ ಒಂದು ಮಾತು. ಮನಸ್ಸಿನ ಕಾಯಿಲೆಗೆ ಅದು ಒಳ್ಳೆಯ ಔಷಧವೇ. ಆದರೆ ಅದೇ ಥೈರಾಯ್ಡಿನ ರಸ ಹೊರಬರೋದನ್ನು ತಡೆಯುತ್ತೆ. ನಿಮ್ಮ ಮನೆಯಲ್ಲಿ ಯಾರಾದರೂ ತಗೊಳ್ಳುತ್ತಿದ್ದರೆ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಸುತ್ತಿದ್ದಾರಾ, ಕೇಳಿ.

ನಮ್ಮ ಕಡೆಗೆ ಯಾಕೆ ಈ ಮಾತು?

ಘಟ್ಟದ ಕಡೆಯವರಿಗೆ ಗಳಗಂಡ ಹೊಸದಲ್ಲ. ಚಿಕ್ಕಮಗಳೂರು, ಕೊಡಗಿನ ಕಡೆ ಕುತ್ತಿಗೆ ಊದಿದ ಅಜ್ಜಿಯರನ್ನು ನೋಡಿ ಬೆಳೆದವರು ನಮ್ಮ ಓದುಗರಲ್ಲಿ ಎಷ್ಟೋ ಜನ. ಮಣ್ಣಲ್ಲಿ, ನೀರಲ್ಲಿ ಅಯೋಡಿನ್ ಕಮ್ಮಿ ಅನ್ನೋದೇ ಕಾರಣ. ಸರ್ಕಾರ 1962ರಲ್ಲಿ ಗಳಗಂಡದ ವಿರುದ್ಧ ಕಾರ್ಯಕ್ರಮ ಹಾಕಿಕೊಂಡಿತು. 2006ರಿಂದ ಊಟಕ್ಕೆ ಮಾರುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕು ಅನ್ನುವ ಕಾನೂನು ಜಾರಿಯಲ್ಲಿದೆ. ದಿನಸಿ ಅಂಗಡಿಯವರೇ, ಮೂಟೆ ಬಿಚ್ಚಿ ಬಿಡಿಯಾಗಿ ಕಲ್ಲುಪ್ಪು ತೂಗುವಾಗ ಇದು ನೆನಪಿರಲಿ.

ಆದರೆ ಉಪ್ಪು ಸರಿಹೋದ ಮಾತ್ರಕ್ಕೆ ಥೈರಾಯ್ಡ್ ಸರಿಹೋಗಲಿಲ್ಲ. ಮೈಯ ಕಾವಲು ಪಡೆಯೇ ತಿರುಗಿಬಿದ್ದು ಗ್ರಂಥಿಯನ್ನು ತಿನ್ನುವ ಇನ್ನೊಂದು ಕಾಯಿಲೆ ಇದೆ. ಜಪಾನಿನ ಹಶಿಮೋಟೊ 1912ರಲ್ಲಿ ಅದನ್ನು ಗುರುತಿಸಿದರು. ಹೆಂಗಸರಲ್ಲೇ ಅದು ಹೆಚ್ಚು. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿ ದೇಶದ 8 ನಗರಗಳ ಸಮೀಕ್ಷೆಯಲ್ಲಿ 5 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದರು. ನೂರಕ್ಕೆ ಸುಮಾರು 11 ಜನಕ್ಕೆ ಥೈರಾಯ್ಡ್ ಕಮ್ಮಿ! ಒಂದು ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ಅದರಲ್ಲಿ ಐದಾರು ಜನ ಅಂತ ಲೆಕ್ಕ.

ಇನ್ನು ಖಿನ್ನತೆ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೊಡ್ಡವರ ಪೈಕಿ 20ರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ. ಇಂಥ ಎರಡು ಕಾಯಿಲೆ ಒಂದೇ ಊರಲ್ಲಿ, ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಇರೋದು ಏನು ಆಶ್ಚರ್ಯ? ಎರಡಕ್ಕೂ ಮುಖ ಒಂದೇ ಥರ: ಸುಸ್ತು, ನಿದ್ದೆ, ಮರೆವು, ಅಳು, ಯಾವುದೂ ಬೇಡ ಅನ್ನಿಸೋದು. ಮುಖ ನೋಡಿ ಹೇಳೋಕಾಗಲ್ಲ. ರಕ್ತ ನೋಡಿಯೇ ಹೇಳಬೇಕು.

ಮನಸ್ಸಿನ ಕಾಯಿಲೆಯನ್ನು ಹಳ್ಳಿ ಆಸ್ಪತ್ರೆಯಲ್ಲೇ ನೋಡಬಹುದು ಅಂತ ದೇಶಕ್ಕೇ ತೋರಿಸಿದ್ದು ನಮ್ಮ ರಾಜ್ಯ. 1985ರಿಂದ 90ರವರೆಗೆ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯನ್ನೇ ಹಿಡಿದು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಅಂಥ ರಾಜ್ಯದಲ್ಲಿ ಒಂದು ಟಿಎಸ್‌ಎಚ್ ಚೀಟಿಗೆ ಒಬ್ಬ ಹೆಂಗಸು 14 ತಿಂಗಳು ಕಾಯಬೇಕಾ?

"ಬರೆದರೂ ಬೈತೀರಿ, ಬಿಟ್ಟರೂ ಬೈತೀರಿ"

ಈ ಮಾತನ್ನ ಒಬ್ಬ ಡಾಕ್ಟರ ಮುಂದೆ ಇಟ್ಟೆ. ಅವರು ನಕ್ಕರು. "ಟೆಸ್ಟ್ ಬರೆದರೆ ಲ್ಯಾಬಿನ ಕಮಿಷನ್ ಅಂತ ನಿಮ್ಮ ಪತ್ರಿಕೇಲಿ ಬರೀತೀರಿ. ಬರೆಯದಿದ್ದರೆ ಹೀಗೆ ಬರೀತೀರಿ. ನಾವೇನು ಮಾಡ್ಬೇಕು ಹೇಳಿ?"

ನ್ಯಾಯವಾದ ಮಾತು. ಕಮಿಷನ್ ಬಗ್ಗೆ ಬರೆದದ್ದು ನಿಜ, ಮುಂದೆಯೂ ಬರೀತೀವಿ. ಆದರೆ ತಲೆಯಿಂದ ಕಾಲಿನವರೆಗೆ 'ಪ್ಯಾಕೇಜು' ಬರೆಯೋದು ಬೇರೆ, ಬೇಕಾದ ಒಂದು ಪರೀಕ್ಷೆ ಬರೆಯೋದು ಬೇರೆ. ಖಿನ್ನತೆಗೆ ಮೊದಲ ಸಲ ಮಾತ್ರೆ ಶುರು ಮಾಡುವಾಗ ಒಂದು ಟಿಎಸ್‌ಎಚ್. ಮಾತ್ರೆ ಕೊಟ್ಟು ಒಂದೆರಡು ತಿಂಗಳಾದರೂ ಗುಣ ಕಾಣದಿದ್ದರೆ, ಡೋಸು ಏರಿಸುವ ಮುಂಚೆ, ಅಲ್ಲಿಯವರೆಗೆ ನೋಡಿಸಿಲ್ಲದಿದ್ದರೆ ಆಗಲಾದರೂ ಒಂದು ಟಿಎಸ್‌ಎಚ್. ಹೆರಿಗೆಯಾದ ವರ್ಷದೊಳಗೆ ಮಂಕಾದ ಬಾಣಂತಿಗೆ, ಮನೆಯಲ್ಲಿ ತಾಯಿಗೋ ಅಕ್ಕತಂಗಿಗೋ ಥೈರಾಯ್ಡ್ ಇದ್ದವರಿಗೆ, ತಪ್ಪದೆ ಒಂದು. ಇದರಲ್ಲಿ ಯಾರ ಕಮಿಷನ್ನೂ ಹುಟ್ಟೋದಿಲ್ಲ. ಹಾಗೆ ಪತ್ತೆಯಾದ ಥೈರಾಯ್ಡಿಗೆ ಮಾತ್ರೆ ದಿನಕ್ಕೆ ಒಂದೆರಡು ರೂಪಾಯಿ. ನಮ್ಮ ಬಸ್‌ಸ್ಟ್ಯಾಂಡ್ ಕಾಫಿಗಿಂತ ಅಗ್ಗ.

ನಮ್ಮ ಒತ್ತಾಯವನ್ನು ಜಿಲ್ಲಾ ಆರೋಗ್ಯ ಅಧಿಕಾರಿಗಳು ಬರೆದುಕೊಳ್ಳಲಿ. ಪ್ರತಿ ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಈ ಪರೀಕ್ಷೆ ಬಡವರಿಗೆ ದುಡ್ಡಿಲ್ಲದೆ ಆಗಬೇಕು. ಆಗುತ್ತಿದೆ ಅನ್ನುವುದಾದರೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಬರೆಸಿ ಹಾಕಲಿ.

ಓದಿದವರು ಹುಷಾರು!

ಈ ಪತ್ರಿಕೆ ಓದಿ ನಾಳೆಯೇ ಮೆಡಿಕಲ್ ಸ್ಟೋರಿಗೆ ಹೋಗಿ ಥೈರಾಯ್ಡ್ ಮಾತ್ರೆ ಕೇಳಬೇಡಿ. ಬೇಕಿಲ್ಲದವರು ತಿಂದರೆ ಎದೆ ಹೊಡೆದುಕೊಳ್ಳುತ್ತೆ, ವಯಸ್ಸಾದವರಿಗೆ ಹೃದಯದ ತಾಳ ತಪ್ಪುತ್ತೆ, ಮೂಳೆ ಸವೆಯುತ್ತೆ. ಥೈರಾಯ್ಡ್ ಜಾಸ್ತಿಯಾದರೂ ಮನಸ್ಸು ಕೆಡುತ್ತೆ: ಸುಮ್ಮಸುಮ್ಮನೆ ಗಾಬರಿ, ಸಿಡುಕು, ನಿದ್ದೆ ಇಲ್ಲ. ಹಾಗೇ, ಖಿನ್ನತೆಯ ಮಾತ್ರೆಯನ್ನು ನಿಮ್ಮ ಪಾಡಿಗೆ ನೀವು ನಿಲ್ಲಿಸಬೇಡಿ. ಖಿನ್ನತೆ ಇರುವವರಲ್ಲಿ ಹೆಚ್ಚಿನವರ ಥೈರಾಯ್ಡ್ ಸರಿಯಾಗಿಯೇ ಇರುತ್ತೆ, ಅವರಿಗೆ ಆ ಮಾತ್ರೆಯೇ ಆಸರೆ. ಎಲ್ಲ ದುಃಖಕ್ಕೂ ಕುತ್ತಿಗೆಯೇ ಕಾರಣ ಅಂತ ಈ ಅಂಕಣ ಹೇಳುತ್ತಿಲ್ಲ. ಕುತ್ತಿಗೆಯನ್ನೂ ನೋಡಿ ಅಂತ ಹೇಳುತ್ತಿದೆ.

ಡಾಕ್ಟರು ಥೈರಾಯ್ಡ್ ಮಾತ್ರೆ ಬರೆದಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನೀರಲ್ಲಿ ನುಂಗಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು ತಗೊಳ್ಳಿ. ಆರೆಂಟು ವಾರಕ್ಕೆ ಮತ್ತೆ ರಕ್ತ ನೋಡಿಸಿ. ಮನೆಯಲ್ಲಿ ಯಾರಾದರೂ "ನಾನಿದ್ದೇನು ಪ್ರಯೋಜನ" ಅನ್ನುವ ಮಾತಾಡಿದರೆ ಟಿಎಸ್‌ಎಚ್ಚಿಗೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ.

ಅಕ್ಕ ಈಗ ಹೇಗಿದ್ದಾರೆ? ಥೈರಾಯ್ಡ್ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಸ್ವೆಟರ್ ಬಿಚ್ಚಿದರು. ಖಿನ್ನತೆಯ ಮಾತ್ರೆಯನ್ನು ಡಾಕ್ಟರಮ್ಮ ನಿಲ್ಲಿಸಲಿಲ್ಲ, ಅದೇ ಮಾತ್ರೆ ಈ ಸಲ ಹಿಡಿಯಿತು. ಈಗ ನಿಧಾನಕ್ಕೆ ಇಳಿಸುತ್ತಿದ್ದಾರೆ. ಎಂಟು ಗಂಟೆಗೆ ಶೆಟರ್ ಎತ್ತಿದ ಸದ್ದು ಮತ್ತೆ ಕೇಳುತ್ತೆ. ಅತ್ತೆ ಇನ್ನೂ "ತಾಯತದಿಂದಲೇ" ಅನ್ನುತ್ತಾರೆ. ಅನ್ನಲಿ ಬಿಡಿ.

ಮೊನ್ನೆ ಅಂಗಡಿ ಮುಂದೆ ನಿಂತಾಗ ಅಕ್ಕ ಲೆಕ್ಕದ ಪುಸ್ತಕ ಮುಚ್ಚಿ ಒಂದು ಮಾತು ಕೇಳಿದರು: "ಸಾಲ ಕೊಟ್ಟಿದ್ದು ಬರ್ಕೊಂಡಿದ್ದೀನಪ್ಪ, ವಸೂಲಾಗುತ್ತೆ. ಆ 14 ತಿಂಗಳನ್ನ ಯಾರ ಹೆಸರಿಗೆ ಬರ್ಕೊಳ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಚೀಟಿ ಬರೆಯುವ ಕೈಗಳಿಗೆ ಹೊಳೆಯಲಿ ಅಂತ ಇಷ್ಟು ಬರೆದೆ.